ಹಿರಿಯರನ್ನು ನಿಲ್ಲಿಸಿಯೂ ಬಿ.ಪಿ. ನೋಡಿ

ಮಾನ್ಯ ಸಂಪಾದಕರೇ,

ಕರಾವಳಿಯ ಏಪ್ರಿಲ್–ಮೇ ತಿಂಗಳ ಸೆಕೆಯಲ್ಲಿ, ಎದ್ದು ನಿಂತೊಡನೆ ಕಣ್ಣಿಗೆ ಕತ್ತಲೆ ಕವಿದು ಹಿರಿಯರು ಬಿದ್ದ ಸುದ್ದಿ ನಮ್ಮ ಕುಮಟಾ ಭಾಗದಲ್ಲಿ ಮೇಲಿಂದ ಮೇಲೆ ಕೇಳಿಬರುತ್ತದೆ. ಹೆಚ್ಚಿನವರು ಪಿತ್ತವೆಂದು ಪಾನಕ ಕೊಟ್ಟು ಸುಮ್ಮನಾಗುತ್ತಾರೆ. ಆದರೆ ನಿಂತೊಡನೆ ರಕ್ತದೊತ್ತಡ (ಬಿ.ಪಿ.) ಇಳಿಯುವುದೂ ಇದಕ್ಕೆ ಕಾರಣವಿರಬಹುದು.

ನಾವು ಎದ್ದು ನಿಂತಾಗ ಅರ್ಧ ಲೀಟರಿಗೂ ಮಿಕ್ಕಿ ರಕ್ತ ಕಾಲು ಮತ್ತು ಹೊಟ್ಟೆಯ ಕಡೆಗೆ ಇಳಿಯುತ್ತದೆ. ಕುತ್ತಿಗೆಯಲ್ಲೂ ಹೃದಯದ ಬಳಿಯೂ ಇರುವ ರಕ್ತದೊತ್ತಡವನ್ನು ಗ್ರಹಿಸುವ ನರತುದಿಗಳು ಇದನ್ನು ಮೆದುಳಿಗೆ ತಿಳಿಸುವುದರಿಂದ ಹೃದಯದ ಬಡಿತ ಹೆಚ್ಚಿ, ರಕ್ತನಾಳಗಳು ಬಿಗಿದು, ಒತ್ತಡ ಕೂಡಲೇ ಸರಿಹೋಗುತ್ತದೆ. ವಯಸ್ಸಾದಂತೆ ಈ ಕ್ರಿಯೆ ನಿಧಾನವಾಗುತ್ತದೆ. ಬಹುಕಾಲದ ಸಕ್ಕರೆ ಕಾಯಿಲೆಯಿದ್ದರೆ ನರಗಳೇ ದುರ್ಬಲವಾಗಿರುತ್ತವೆ. ಬೆವರಿ ನೀರಿನಂಶ ಕಳೆದುಕೊಂಡವರಿಗೆ, ಬಿ.ಪಿ.ಗೋ ಪ್ರಾಸ್ಟೇಟ್ ತೊಂದರೆಗೋ ಮಾತ್ರೆ ನುಂಗುವವರಿಗೆ ಅಪಾಯ ಇನ್ನೂ ಹೆಚ್ಚು. ನಿಂತ 3 ನಿಮಿಷದೊಳಗೆ ಮೇಲಿನ ಅಂಕಿ 20 ಅಥವಾ ಕೆಳಗಿನ ಅಂಕಿ 10 ಇಳಿದರೆ ಅದನ್ನು ವೈದ್ಯಶಾಸ್ತ್ರ ತೊಂದರೆಯೆಂದೇ ಪರಿಗಣಿಸುತ್ತದೆ.

ಇದು ಕುಳಿತವರ ತೋಳಿಗೆ ಪಟ್ಟಿ ಕಟ್ಟಿದರೆ ಕಾಣುವುದಿಲ್ಲ. ಈಚೆಗೆ ಒಂದು ಶಿಬಿರದಲ್ಲಿ ನೆರೆಮನೆಯ ಅಜ್ಜಿಗೆ ಮೇಲಿನ ಅಂಕಿ 138 ಬಂದಾಗ ‘ಚೆನ್ನಾಗಿದೆ’ ಎಂದು ಚೀಟಿ ಬರೆದರು. ಎದ್ದವರು ಮೇಜಿನ ಅಂಚು ಹಿಡಿದುಕೊಂಡದ್ದನ್ನು ಕಂಡು, ನಿಂತಲ್ಲೇ ಮತ್ತೊಮ್ಮೆ ನೋಡಿರೆಂದು ವಿನಂತಿಸಿದೆ, 108 ಇತ್ತು. ಆ ದಾದಿ ತಾಳ್ಮೆಯಿಂದ ಮತ್ತೆ ನೋಡಿದ್ದಕ್ಕೆ ನಾನು ಋಣಿ.

ಅಂಥವರು ರಾತ್ರಿ ಮೂತ್ರಕ್ಕೆ ಏಳುವಾಗ ಹಾಸಿಗೆಯ ಅಂಚಿನಲ್ಲಿ ಸ್ವಲ್ಪ ಹೊತ್ತು ಕುಳಿತು, ಪಾದ ಆಡಿಸಿ, ಆಮೇಲೆ ನಿಲ್ಲಬೇಕು. ಹಂಡೆಯ ಸುಡುನೀರು ಮಿಂದ ಮೇಲಂತೂ, ಶಾಖಕ್ಕೆ ರಕ್ತನಾಳಗಳು ಹಿಗ್ಗಿರುವುದರಿಂದ, ಅವಸರ ಸಲ್ಲದು. ಕಣ್ಣು ಮಬ್ಬಾದರೆ ಕೂಡಲೇ ಕುಳಿತುಬಿಡಬೇಕು. ಹೆದರಿ ಮಾತ್ರೆ ನಿಲ್ಲಿಸುವುದಾಗಲಿ, ವೈದ್ಯರನ್ನು ಕೇಳದೆ ಮಜ್ಜಿಗೆಗೆ ಉಪ್ಪು ಹೆಚ್ಚಿಸುವುದಾಗಲಿ ಸರಿಯಲ್ಲ.

ಜಿಲ್ಲೆಯ ಆರೋಗ್ಯ ಇಲಾಖೆಯಲ್ಲಿ ನನ್ನ ಕೋರಿಕೆ ಇಷ್ಟು: ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೂ ಶಿಬಿರಗಳಲ್ಲೂ, 60 ದಾಟಿದ, ಸಕ್ಕರೆ ಕಾಯಿಲೆ ಇರುವ ಅಥವಾ ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರನ್ನು 5 ನಿಮಿಷ ಮಲಗಿಸಿ ಒಮ್ಮೆ, ನಿಂತ 1 ಮತ್ತು 3ನೇ ನಿಮಿಷಕ್ಕೆ ಒಮ್ಮೊಮ್ಮೆ ಒತ್ತಡ ನೋಡಬೇಕು. ಹತ್ತು ನಿಮಿಷದೊಳಗೆ ಮುಗಿಯುವ ಈ ಕೆಲಸಕ್ಕೆ ಹೊಸ ಉಪಕರಣವೇನೂ ಬೇಡ. ಮಾತ್ರೆಯ ಪ್ರಮಾಣ ನಿರ್ಧರಿಸುವ ವೈದ್ಯರ ಕಣ್ಣಿಗೆ ಬೀಳುವಂತೆ ಮೂರೂ ಅಂಕಿಗಳನ್ನು ರೋಗಿಯ ಚೀಟಿಯಲ್ಲೇ ಬರೆದುಕೊಡಬೇಕು.

– ನಿವೃತ್ತ ಶಿಕ್ಷಕ, ಕುಮಟಾ