ಮರದಚ್ಚಿನ ಮುದ್ರಣ: ಯುಗಾದಿಯಿಂದ ಆಗುವ ಬದಲಾವಣೆ ಕುರಿತು ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೆ, ಶರಣು.

ಬರುವ ಯುಗಾದಿಯಿಂದ ನಮ್ಮ ಮರದಚ್ಚುಗಳನ್ನು ಟ್ರೆಡಲ್ ಮುದ್ರಣ ಮಷಿನ್‌ಗೆ ಏರಿಸುವುದಿಲ್ಲ. ಲಗ್ನಪತ್ರಿಕೆ, ಅಂಗಡಿ ಲೇಬಲ್, ಜಾತ್ರೆಯ ಕರಪತ್ರಗಳಲ್ಲಿ ಚಿತ್ರ ಅದೇ ಇರುತ್ತದೆ, ಆದರೆ ಅಚ್ಚಾಗುವುದು ಪಾಲಿಮರ್ (ಪ್ಲಾಸ್ಟಿಕ್‌ನಂಥ) ಬ್ಲಾಕಿನಿಂದ. ಮೂಲ ಮರದಚ್ಚಿನ ಪ್ರತಿಯೇ ಬೇಕೆನ್ನುವವರಿಗೆ ಕೈಪ್ರೆಸ್‌ನಲ್ಲಿ ತೆಗೆದುಕೊಡುತ್ತೇವೆ, ಒಂದು ಆರ್ಡರ್‌ಗೆ 50 ಪ್ರತಿ ಮೀರದಂತೆ.

ಕಾರಣ ಕೊಪ್ಪಳದ ಹಳೆಯ ಗ್ರಾಹಕರಿಗೆ ಅರ್ಧ ಗೊತ್ತೇ ಇದೆ. ಈ ಅಚ್ಚುಗಳನ್ನೆಲ್ಲ ಕೊರೆದ ಮಿಲಿಟ್ರಿ ಅಜ್ಜಾರು ಉಳಿ ಕೆಳಗಿಟ್ಟಿದ್ದಾರೆ. ಸೇನೆಯ ಇಂಜಿನಿಯರ್ ದಳ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದು, 1971ರ ಯುದ್ಧದಲ್ಲಿ ಪಾಕಿಸ್ತಾನದ ಶಕರ್‌ಗಢದ ಕಡೆ ನೆಲಬಾಂಬು ತೆಗೆದು ಟ್ಯಾಂಕುಗಳಿಗೆ ದಾರಿ ಬಿಡಿಸಿದವರು. ಊರಿಗೆ ಮರಳಿ ಮೊದಲು ರಬ್ಬರ್ ಸ್ಟಾಂಪ್, ಆಮೇಲೆ ಅಕ್ಕಿ ಗಿರಣಿಗಳ ಲೇಬಲ್, ಕೊನೆಗೆ ಇಟಗಿ ಮಹಾದೇವ ಗುಡಿ, ಕೊಪ್ಪಳದ ಕೋಟೆ, ಕನಕಗಿರಿಯ ಗೋಪುರ. ಬಾಂಬು ತೆಗೆದ ಕೈ, ಅದಕ್ಕೇ ನಡುಗುವುದಿಲ್ಲ ಎಂದು ಯಾರಾದರೂ ಹೊಗಳಿದರೆ ಅವರಿಗೆ ಸೇರದು. ಉಳಿಯ ಮೊನೆ ಚೂಪಿದ್ದರೆ ಯಾರ ಕೈಯೂ ನಡುಗುವುದಿಲ್ಲ ಅನ್ನುತ್ತಾರೆ. ಈಗ ತೊಂದರೆ ಇರುವುದು ಬಲಗೈ ಹೆಬ್ಬೆರಳಿನ ಕೀಲಿಗೆ. ಈ ಕೆಲಸದಲ್ಲಿ ಉಳಿಯನ್ನು ನೂಕುವುದು ಅಂಗೈ, ತಡೆಯುವುದು ಹೆಬ್ಬೆರಳು. ತಡೆ ತಪ್ಪಿದರೆ ಉಳಿ ಜಾರಿ ಮುಗಿದ ಗೆರೆಗಳ ಮೇಲೆ ಹಾಯುತ್ತದೆ, ಹಾಗೆ ಬಿದ್ದ ಗೀರನ್ನು ಅಳಿಸಲು ಬರುವುದಿಲ್ಲ.

ಹೀಗಾಗಿ ಇರುವ ಅಚ್ಚು ಸವೆದರೆ ಮತ್ತೊಂದು ಇಲ್ಲ. ಮರದಚ್ಚು ಗಟ್ಟಿಯಲ್ಲವೇ, ಇಷ್ಟು ವರ್ಷ ನಡೆದಿದೆಯಲ್ಲ ಎಂದು ಕೇಳುವವರಿಗಾಗಿ ಸ್ವಲ್ಪ ವಿವರ. ನಾವು ಬಳಸುವುದು ಚನ್ನಪಟ್ಟಣದ ಗೊಂಬೆಗೆ ಹೋಗುವ ಹಾಲೆ ಮರ. ಕಿನ್ನಾಳದ ಗೊಂಬೆಯ ಮರ ಹಗುರ, ಮೆತ್ತಗೆ. ಸಣ್ಣ ಗೆರೆ ಅದರಲ್ಲಿ ಪುಡಿಯಾಗುತ್ತದೆ. ಹಲಗೆಯ ಹಾಗೆ ಉದ್ದಕ್ಕೆ ಸೀಳದೆ ಕಾಂಡವನ್ನು ಅಡ್ಡ ಕೊಯ್ದು ಬಿಲ್ಲೆ ಮಾಡುತ್ತೇವೆ, ಆಗ ಎಳೆಗಳ ತುದಿ ಮೇಲಕ್ಕೆ ಬಂದು ಉಳಿ ಯಾವ ದಿಕ್ಕಿಗೆ ಹೋದರೂ ಸಿಬಿರು ಏಳುವುದಿಲ್ಲ. ಆದರೆ ಮರ ಒಣಗುವಾಗ ಸುತ್ತಳತೆಯಲ್ಲಿ ಹೆಚ್ಚು ಕುಗ್ಗುತ್ತದೆ, ತಿರುಳಿನ ಕಡೆಗೆ ಕಡಿಮೆ. ಇಡೀ ಬಿಲ್ಲೆ ಇಟ್ಟರೆ ತಿರುಳಿನಿಂದ ಅಂಚಿನವರೆಗೆ ಸೀಳುವುದು ಖಂಡಿತ. ಅದಕ್ಕೇ ತಿರುಳು ಬಿಟ್ಟು ಚೌಕ ತುಂಡು ಮಾಡಿ, ಪಕ್ಕಗಳಿಗೆ ಮೇಣ ಬಳಿದು ನೆರಳಲ್ಲಿ ಒಣಗಿಸಿ, ಆಮೇಲೆ ಮೇಣ ಹೆರೆದು ತುಂಡುಗಳನ್ನು ಅಂಟಿನಿಂದ ಕೂಡಿಸುತ್ತೇವೆ. ಉಜ್ಜಿ ಮುಗಿದಾಗ ಅದರ ದಪ್ಪ ಅಚ್ಚಿನ ಮೊಳೆಯ (ಜೋಡಿಸುವ ಸೀಸದ ಅಕ್ಷರದ) ಎತ್ತರದಷ್ಟೇ, 23.3 ಮಿ.ಮೀ. ಇರಬೇಕು.

ನಮ್ಮ ಬೇಸಿಗೆಯಲ್ಲಿ ಈ ಕೂಡುಗಳೇ ಮೊದಲು ಬಿಡುತ್ತವೆ. ಇಟಗಿ ಗುಡಿಯ ಅಚ್ಚಿನಲ್ಲಿ ಶಿಖರದ ಎಡಕ್ಕೆ ಕೂದಲಿನಷ್ಟು ಬಿಳಿ ಗೆರೆ ಕಾಣುತ್ತಿದೆ. ಅದು ಚಿತ್ರದ್ದಲ್ಲ, ಕೂಡು ಬಾಯಿ ಬಿಟ್ಟದ್ದು. ಟ್ರೆಡಲ್ ಒತ್ತಡ ಇನ್ನೊಂದು ಕಾಟ. ಮುದ್ರಿಸುವ ಹಾಳೆಯ ಬೆನ್ನಿಗೆ ಕೊಡುವ ಕಾಗದದ ಪ್ಯಾಕಿಂಗ್ ಒಂದು ಹಾಳೆ ಹೆಚ್ಚಾದರೂ ಗೆರೆಗಳ ಅಂಚು ದುಂಡಗಾಗಿ ಮಸಿ ಒಳಗಿಳಿಯುತ್ತದೆ. ಕೈಪ್ರೆಸ್‌ನಲ್ಲಿ ಒತ್ತಡ ನಮ್ಮ ಹಿಡಿತದಲ್ಲಿರುತ್ತದೆ.

ಪಾಲಿಮರ್ ಬ್ಲಾಕ್ ಮಾಡಲು ಮೂಲದಿಂದ ನುಣುಪು ಆರ್ಟ್ ಪೇಪರ್ ಮೇಲೆ ಒಂದು ಒಳ್ಳೆಯ ಪ್ರತಿ ತೆಗೆದು, 1200 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ ನೆಗೆಟಿವ್ ಫಿಲ್ಮ್ ತೆಗೆಸುತ್ತೇವೆ. ಫಿಲ್ಮ್ ಮೂಲಕ ಬೆಳಕು ಬಿದ್ದ ಜಾಗ ಗಟ್ಟಿಯಾಗಿ ಉಳಿಯುತ್ತದೆ, ಮಿಕ್ಕದ್ದು ನೀರಲ್ಲಿ ತೊಳೆದು ಹೋಗುತ್ತದೆ. ಇದರಲ್ಲಿ ಕಳೆದುಕೊಳ್ಳುವುದೂ ಇದೆ, ಮುಚ್ಚಿಡುವುದಿಲ್ಲ. ಒಂಟಿ ಚುಕ್ಕೆಗಳು ತೊಳೆಯುವಾಗ ಹಾರಿಹೋಗುತ್ತವೆ, ಕಪ್ಪಿನ ನಡುವಿನ ತೀರ ಸಣ್ಣ ಬಿಳಿ ಗೆರೆಗಳು ಮಸಿ ತುಂಬಿ ಮುಚ್ಚುತ್ತವೆ. ಲಗ್ನಪತ್ರಿಕೆಯಲ್ಲಿ ಬರಿಗಣ್ಣಿಗೆ ಗೊತ್ತಾಗುವುದು ಕಷ್ಟ. ಕೋಟೆಯ ಚಿತ್ರದ ಬಂಡೆಗಳಲ್ಲಿ ಮಾತ್ರ ಗೊತ್ತಾಗುತ್ತದೆ. ಆ ಚಿತ್ರವನ್ನು ಚೌಕಟ್ಟು ಹಾಕಿಸುವವರು ಕೈಪ್ರೆಸ್ ಪ್ರತಿಯನ್ನೇ ಕೇಳಿ.

ಹೊಸ ಚಿತ್ರಗಳನ್ನು ಇನ್ನು ಅಜ್ಜಾರ ಹತ್ತಿರ ಕಲಿತ ಹುಡುಗಿ ಕೊರೆಯುತ್ತಾಳೆ. 3×4 ಇಂಚಿಗಿಂತ ದೊಡ್ಡದು ಸದ್ಯಕ್ಕೆ ಬೇಡ, ಅವಧಿ ಆರು ವಾರ. ಫೋಟೊ ಕೊಡುವಾಗ ಒಂದು ಕಡೆಯಿಂದ ಬಿಸಿಲು ಬಿದ್ದಿರುವುದನ್ನೇ ಕೊಡಿ. ನೆತ್ತಿ ಬಿಸಿಲಿನ ಫೋಟೊದಲ್ಲಿ ಕಂಬಕ್ಕೂ ಗೋಡೆಗೂ ವ್ಯತ್ಯಾಸ ಸಿಗುವುದಿಲ್ಲ. ಅಕ್ಷರಗಳನ್ನು ಮರದಲ್ಲಿ ಕೊರೆಯುವುದಿಲ್ಲ, ಬೇರೆ ಜೋಡಿಸುತ್ತೇವೆ. ಹೆಸರು ಬದಲಾದರೆ ಚಿತ್ರ ಉಳಿಯುತ್ತದೆ.

ತಮ್ಮ ಸ್ವಂತ ಅಚ್ಚು ನಮ್ಮಲ್ಲಿಟ್ಟಿರುವ ಗಿರಣಿ, ಮಠ, ಅಂಗಡಿಗಳವರು ಹಳೆಯ ರಸೀದಿ ತಂದು ಒಯ್ಯಬಹುದು, ಇಲ್ಲವೆ ಇಲ್ಲೇ ಬಿಡಬಹುದು. ಇಡುವುದಕ್ಕೆ ಬಾಡಿಗೆ ಇಲ್ಲ. ಒಯ್ದವರು ನೀರು ಮುಟ್ಟಿಸಬೇಡಿ. ಮಸಿ ಒರೆಸಲು ಸೀಮೆಎಣ್ಣೆ ಹನಿಸಿದ ಹಳೆಯ ಪಂಚೆ ತುಂಡು ಸಾಕು, ಬ್ರಷ್ ಬೇಡ. ಎರಡೂ ಮುಖಕ್ಕೆ ಗಾಳಿ ಆಡುವಂತೆ ಪುಸ್ತಕದ ಹಾಗೆ ನಿಲ್ಲಿಸಿಡಿ. ಅಚ್ಚು ಬಾಗಿದರೆ ತಗ್ಗಾದ ಮುಖ ಹೆಚ್ಚು ಒಣಗಿದೆ ಎಂದರ್ಥ. ಆ ಮುಖ ಕೆಳಗೆ ಮಾಡಿ ತಣ್ಣನೆಯ ಕಲ್ಲಿನ ಮೇಲೆ ಒಂದು ರಾತ್ರಿ ಇಟ್ಟರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಭಾರ ಹೇರಿ ನೆಟ್ಟಗೆ ಮಾಡಲು ಹೋಗಬೇಡಿ, ಕೂಡು ಒಡೆಯುತ್ತದೆ.

ಈಗಾಗಲೇ ನಮ್ಮಲ್ಲಿರುವ ಚಿತ್ರಗಳ ಪಾಲಿಮರ್ ಬ್ಲಾಕಿಗೆ ತಮ್ಮಿಂದ ಹಣ ತೆಗೆದುಕೊಳ್ಳುವುದಿಲ್ಲ, ಮುದ್ರಣದ ದರ ಹಳೆಯದೇ. ಕೈಪ್ರೆಸ್ ಪ್ರತಿ ಒಂದಕ್ಕೆ 150 ರೂಪಾಯಿ. ಯುಗಾದಿಗೆ ಮೊದಲು ಮುಂಗಡ ಕೊಟ್ಟ ಆರ್ಡರ್‌ಗಳನ್ನು ಮಾತಿನಂತೆ ಮರದಚ್ಚಿನಲ್ಲೇ ಮುಗಿಸುತ್ತೇವೆ, ಇಟಗಿ ಗುಡಿಯದೊಂದನ್ನು ಬಿಟ್ಟು. ಅದನ್ನು ಕೇಳಿದವರು ಪಾಲಿಮರ್ ಪ್ರತಿ ನೋಡಿ ಒಪ್ಪಬಹುದು, ಇಲ್ಲವೆ ಮುಂಗಡ ಪೂರ್ತಿ ವಾಪಸ್ ಪಡೆಯಬಹುದು.

ಇಂತಿ,
ಮುದ್ರಣಾಲಯದ ಬಳಗ, ಕೊಪ್ಪಳ