ಲೇಸರ್ ಆಪರೇಷನ್ ಮಾಡಿಸದಿದ್ದರೆ ಕಣ್ಣಿಗೇನೂ ಕಡಿಮೆಯಾಗದು

ಸಂಪಾದಕರಿಗೆ,

ಮಾನ್ಯರೇ,

ಕಣ್ಣಿನ ಪೊರೆಗೆ ‘ಬ್ಲೇಡ್ ಇಲ್ಲದ ಲೇಸರ್ ಆಪರೇಷನ್’ ಎಂಬ ಜಾಹೀರಾತುಗಳು ಈಗ ಪತ್ರಿಕೆಗಳಲ್ಲೂ ಬಸ್ ನಿಲ್ದಾಣಗಳಲ್ಲೂ ಜಾಸ್ತಿಯಾಗಿವೆ. ಜಾಹೀರಾತು ಕೊಡುವುದು ಅವರವರ ವ್ಯಾಪಾರ, ಬಿಡಿ. ಆದರೆ ಅದನ್ನು ಓದಿದವರು ಮಾಮೂಲಿ ಆಪರೇಷನ್ ಮಾಡಿಸಿದರೆ ಮನೆಯ ಹಿರಿಯರಿಗೆ ಏನೋ ಅನ್ಯಾಯ ಮಾಡಿದ ಹಾಗೆ ಅಂದುಕೊಳ್ಳುತ್ತಿದ್ದಾರೆ. ಸಾಲ ಮಾಡಿ ಲೇಸರ್ ಮಾಡಿಸಿದವರೂ ನನಗೆ ಗೊತ್ತು.

ನಮ್ಮ ತಾಯಿಯನ್ನು ಒಂದು ಖಾಸಗಿ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಡಾಕ್ಟರು ಕಣ್ಣು ನೋಡಿ, ಎರಡು ಮಾತಾಡಿ, ಕೌನ್ಸೆಲಿಂಗ್ ಕೋಣೆಗೆ ಕಳಿಸಿದರು. ಅಲ್ಲಿ ಲ್ಯಾಮಿನೇಟ್ ಮಾಡಿದ ಒಂದು ಹಾಳೆ. ಸಿಲ್ವರ್, ಗೋಲ್ಡ್, ಪ್ಲಾಟಿನಂ. ಲೇಸರ್ ಇದ್ದದ್ದು ಪ್ಲಾಟಿನಂನಲ್ಲಿ ಮಾತ್ರ, ಅದೂ ದುಬಾರಿ ಲೆನ್ಸಿನ ಜೊತೆ ಸೇರಿಸಿ. ಲೇಸರಿಗೆಷ್ಟು, ಲೆನ್ಸಿಗೆಷ್ಟು ಎಂದು ಕೇಳಿದೆ. “ಹಾಗೆಲ್ಲ ಬಿಡಿಸಿ ಹೇಳೋಕೆ ಬರಲ್ಲ ಸರ್, ಅದು ಪ್ಯಾಕೇಜು” ಎಂದಳು ಆ ಹುಡುಗಿ. ಹಿಂದೆಯೇ, “ಅಮ್ಮನ ಕಣ್ಣಲ್ವಾ ಸರ್?” ಎಂದು ಸೇರಿಸಿದಳು. ಡ್ರಾಪ್ಸ್ ಹಾಕಿಸಿಕೊಂಡು ಕರವಸ್ತ್ರ ಒತ್ತಿಕೊಂಡಿದ್ದ ಅಮ್ಮ, “ನನಗೆ ಅಕ್ಕಿಯಲ್ಲಿ ಕಲ್ಲು ಕಂಡರೆ ಸಾಕಪ್ಪ” ಎಂದರು.

ಈ ಲೇಸರ್ ಮಾಡುವುದಾದರೂ ಏನು? ನಮ್ಮಲ್ಲಿ ಹೊಲಿಗೆ ಇಲ್ಲದ ಆಪರೇಷನ್ನಿಗೆಲ್ಲ ಲೇಸರ್ ಅನ್ನುವ ರೂಢಿ ಇದೆ. ಫೇಕೋ ಎನ್ನುವ ಮಾಮೂಲಿ ಪೊರೆ ಆಪರೇಷನ್ನಿನಲ್ಲಿ ಲೇಸರ್ ಇರುವುದೇ ಇಲ್ಲ. ಡಾಕ್ಟರು ಎರಡೂವರೆ ಮಿಲಿಮೀಟರಿನಷ್ಟು ಸಣ್ಣ ಗಾಯ ಮಾಡುತ್ತಾರೆ. ಮಸೂರದ ಮುಂದಿನ ಪರೆಯನ್ನು ದುಂಡಗೆ ಬಿಡಿಸುತ್ತಾರೆ. ಅಲ್ಟ್ರಾಸೌಂಡ್ ಸೂಜಿಯಿಂದ ಪೊರೆಗಟ್ಟಿದ ಮಸೂರವನ್ನು ಪುಡಿ ಮಾಡಿ ಹೀರಿ ತೆಗೆಯುತ್ತಾರೆ. ಮಡಚಿದ ಕೃತಕ ಲೆನ್ಸನ್ನು ಅದೇ ತೂತಿನಿಂದ ಒಳಗೆ ಬಿಡುತ್ತಾರೆ. ಜಾಹೀರಾತಿನ ಆ ಲೇಸರ್, ಅಂದರೆ ಫೆಮ್ಟೋ ಲೇಸರ್ ಬಂದರೆ ಗಾಯ ಮಾಡುವುದು, ಪರೆ ಕೊಯ್ಯುವುದು, ಮಸೂರವನ್ನು ಹೋಳು ಮಾಡುವುದು ಇಷ್ಟನ್ನು ಯಂತ್ರ ಮಾಡುತ್ತದೆ. ಆಮೇಲೆ ಸಾಮಾನ್ಯವಾಗಿ ಅದೇ ಸೂಜಿ, ಅದೇ ಲೆನ್ಸ್, ಅದೇ ಡಾಕ್ಟರ ಕೈ.

ಯಂತ್ರ ಕೊಯ್ದ ವೃತ್ತ ಹೆಚ್ಚು ದುಂಡಗಿರುತ್ತದೆ, ನಿಜ. ಅಲ್ಟ್ರಾಸೌಂಡ್ ಬಳಕೆಯೂ ಕಡಿಮೆಯಾಗುತ್ತದೆ. ಆದರೆ ಅದರಿಂದ ನೋಟ ಹೆಚ್ಚು ಚೆನ್ನಾಗಿ ಬರುತ್ತದೆಯೇ? ಫ್ರಾನ್ಸಿನ 5 ಆಸ್ಪತ್ರೆಗಳಲ್ಲಿ ಎರಡೂ ವಿಧಾನಗಳನ್ನು ಹೋಲಿಸಿ ನೋಡಿದರು. 2020ರಲ್ಲಿ ವೈದ್ಯಕೀಯ ಪತ್ರಿಕೆ ‘ಲ್ಯಾನ್ಸೆಟ್’ನಲ್ಲಿ ಫಲಿತಾಂಶ ಬಂತು. ಲೇಸರ್ ಮೇಲು ಎಂದು ಕಾಣಲಿಲ್ಲ, ಕೊಟ್ಟ ದುಡ್ಡಿಗೆ ತಕ್ಕ ಲಾಭವೂ ಇರಲಿಲ್ಲ. ಬ್ರಿಟನ್ನಿನಲ್ಲಿ 785 ರೋಗಿಗಳ ಮೇಲೆ ನಡೆದ ಪ್ರಯೋಗದ ಕಥೆಯೂ ಅದೇ: ಲೇಸರ್ ಕಡಿಮೆಯೇನಲ್ಲ, ಹೆಚ್ಚೂ ಅಲ್ಲ, ದುಬಾರಿ ಮಾತ್ರ. ಯಾವ ಚಿಕಿತ್ಸೆ ಬಳಸಬೇಕೆಂದು ಸಲಹೆ ಕೊಡುವ ಅಲ್ಲಿನ ನೈಸ್ ಸಂಸ್ಥೆ 2017ರಲ್ಲೇ ಸಂಶೋಧನೆಗೆ ಬಿಟ್ಟು ಬೇರೆ ಕಡೆ ಇದನ್ನು ಬಳಸಬೇಡಿ ಎಂದು ಹೇಳಿತ್ತು. ಕಣ್ಣಿನ ಪಾಪೆ ಸರಿಯಾಗಿ ಹಿಗ್ಗದವರಿಗೆ ಎಷ್ಟೋ ಸಲ ಲೇಸರ್ ಒಗ್ಗುವುದೂ ಇಲ್ಲ.

ಬೀಳಗಿಯ ಡಾ. ಎಂ.ಸಿ. ಮೋದಿ ಊರೂರು ತಿರುಗಿ ಶಿಬಿರಗಳಲ್ಲಿ ಪೊರೆ ತೆಗೆದದ್ದನ್ನು ನಮ್ಮ ಹಿರಿಯರು ಇನ್ನೂ ನೆನೆಯುತ್ತಾರೆ. ಆಗಿನ ಕಾಲದಲ್ಲಿ ಪೊರೆ ತೆಗೆಸಿಕೊಂಡವರಿಗೆ ಸೋಡಾಬುಡ್ಡಿ ಕನ್ನಡಕವೇ ಗತಿ. ಆ ಕನ್ನಡಕ ತಪ್ಪಿದ್ದು ಕಣ್ಣೊಳಗೆ ಕೂರಿಸುವ ಲೆನ್ಸಿನಿಂದ. 1949ರಲ್ಲಿ ಲಂಡನ್ನಿನಲ್ಲಿ ಹೆರಾಲ್ಡ್ ರಿಡ್ಲಿ ಅದನ್ನು ಮೊದಲು ಹಾಕಿದರು. 1967ರಲ್ಲಿ ಅಮೆರಿಕದ ಚಾರ್ಲ್ಸ್ ಕೆಲ್ಮನ್ ಫೇಕೋ ತಂದ ಮೇಲೆ ಗಾಯವೂ ಸಣ್ಣದಾಯಿತು. ದೊಡ್ಡ ಜಿಗಿತ ಆಗಿದ್ದೆಲ್ಲ ಆಗಲೇ. ಇನ್ನು ಶಿಬಿರಗಳಲ್ಲಿ ಕೈಯಿಂದಲೇ ಮಾಡುವ, ಹೊಲಿಗೆ ಬೇಡದ ಆಪರೇಷನ್ನನ್ನು ಹಗುರವಾಗಿ ಕಾಣಬೇಡಿ. ನೇಪಾಳದಲ್ಲಿ ಅದನ್ನು ಫೇಕೋ ಜೊತೆ ಹೋಲಿಸಿ, 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎರಡರಿಂದಲೂ ನೋಟ ಚೆನ್ನಾಗಿಯೇ ಬಂದಿತ್ತು. ಕೈ ಆಪರೇಷನ್ನಿಗೆ ಸಮಯವೂ ಖರ್ಚೂ ಕಡಿಮೆ.

ಕೈಯಲ್ಲಿ ಹೆಚ್ಚಿನ ದುಡ್ಡಿದ್ದರೆ ಅದು ಯಂತ್ರಕ್ಕಿಂತ ಲೆನ್ಸಿಗೆ ಹೋಗಲಿ ಎಂಬುದು ನನ್ನ ಮಾತು. ಕಣ್ಣಿನ ಮುಂದಿನ ಗಾಜಿನಂಥ ಪದರ ಕಾರ್ನಿಯಾದ ಡೊಂಕಿನಿಂದ ಸಿಲಿಂಡರ್ ನಂಬರ್ ಜಾಸ್ತಿ ಇದ್ದವರಿಗೆ ಆ ಡೊಂಕನ್ನು ಸರಿದೂಗಿಸುವ ಟೋರಿಕ್ ಲೆನ್ಸಿನಿಂದ ನಿಜಕ್ಕೂ ಉಪಯೋಗ ಇದೆ. ಉಳಿದವರಿಗೆ ಸಾದಾ ಮಡಚುವ ಲೆನ್ಸ್ ಧಾರಾಳ ಸಾಕು, ಓದಲು ಒಂದು ಕನ್ನಡಕ ಇಟ್ಟುಕೊಂಡರಾಯಿತು. ಅನೇಕ ವಿಮೆ ಪಾಲಿಸಿಗಳಲ್ಲಿ ಪೊರೆ ಆಪರೇಷನ್ನಿಗೆ ಇಂತಿಷ್ಟೇ ಎಂಬ ಮಿತಿ ಇರುತ್ತದೆ. ಅದರ ಮೇಲಿನದೆಲ್ಲ ನಮ್ಮ ಜೇಬಿನಿಂದಲೇ ಹೋಗಬೇಕು.

ಲೇಸರ್ ಬೇಕೆನ್ನುವವರು ಮಾಡಿಸಿಕೊಳ್ಳಲಿ, ಯಾರ ಅಡ್ಡಿಯೂ ಇಲ್ಲ. ಆದರೆ ಲೆನ್ಸ್, ಲೇಸರ್, ಆಪರೇಷನ್ ಮೂರರ ದರವನ್ನೂ ಬೇರೆ ಬೇರೆ ಸಾಲಿನಲ್ಲಿ, ಕನ್ನಡದಲ್ಲಿ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವ ಮೊದಲೇ ಬರೆದುಕೊಡಬೇಕು ಎಂದು ಆರೋಗ್ಯ ಇಲಾಖೆ ಖಾಸಗಿ ಆಸ್ಪತ್ರೆಗಳಿಗೆ ಹೇಳಬೇಕು. ಅಲ್ಲಿಯವರೆಗೆ ಓದುಗರು ಕೌನ್ಸೆಲಿಂಗ್ ಕೋಣೆಯಲ್ಲೇ ತೀರ್ಮಾನ ಮಾಡಬೇಡಿ. ಆಪರೇಷನ್ ಮಾಡುವ ಡಾಕ್ಟರನ್ನೇ ಕಂಡು, “ಈ ಕಣ್ಣಿಗೆ ಲೇಸರ್ ಯಾಕೆ ಬೇಕು?” ಎಂದು ಕೇಳಿ.

– ಒಬ್ಬ ನಿವೃತ್ತ ಬ್ಯಾಂಕ್ ನೌಕರ, ದಾವಣಗೆರೆ