ಕೈಗಾ ಬಾಂಬಲ್ಲ, ಆದರೆ ನಂಟಿದೆ

ಮಾನ್ಯರೇ,

ಆಗಸ್ಟ್‌ನಲ್ಲಿ ಹಿರೋಶಿಮಾದ ಮಾತು ಬಂದಾಗಲೆಲ್ಲ ಕಾರವಾರದಲ್ಲಿ ಏಳುವ ಪ್ರಶ್ನೆ: ಕೈಗಾ ಅಣುವಿದ್ಯುತ್ ಸ್ಥಾವರ ಹಾಗೆಯೇ ಸಿಡಿದರೆ? ಹಾಗೆ ಸಿಡಿಯಲಾರದು. ನೈಸರ್ಗಿಕ ಯುರೇನಿಯಂನಲ್ಲಿ ಸುಲಭವಾಗಿ ಸೀಳುವ ಯುರೇನಿಯಂ-235 ಶೇ 0.7 ಮಾತ್ರ, ಕೈಗಾದ ಇಂಧನ ಇದೇ. ಹಿರೋಶಿಮಾ ಬಾಂಬಿನಲ್ಲಿದ್ದ 64 ಕಿಲೊ ಯುರೇನಿಯಂನಲ್ಲಿ ಅದು ಸರಾಸರಿ ಶೇ 80ರಷ್ಟಿತ್ತು. ಸೀಳಿದ್ದು ಒಂದು ಕಿಲೊಗಿಂತಲೂ ಕಡಿಮೆ, ಅಷ್ಟಕ್ಕೇ ಇಡೀ ಊರು ಬೂದಿಯಾಯಿತು. ರಿಯಾಕ್ಟರಿನ ಅಪಾಯ ಬೇರೆ ಬಗೆಯದು: ನಿಲ್ಲಿಸಿದ ಮೇಲೂ ಇಂಧನದ ಶಾಖ ಇಳಿಯಲು ಬಹುಕಾಲ ಬೇಕು, ತಂಪಿನ ನೀರು ತಪ್ಪಿದರೆ ಫುಕುಶಿಮಾದಂತೆ ಕರಗುತ್ತದೆ.

ಹಾಗೆಂದು ಬಾಂಬಿಗೂ ಕೈಗಾಕ್ಕೂ ಸಂಬಂಧವೇ ಇಲ್ಲ ಎನ್ನುವುದೂ ಸರಿಯಲ್ಲ. ರಿಯಾಕ್ಟರಿನೊಳಗೆ ಇಂಧನದ ಬಹುಪಾಲಾದ ಯುರೇನಿಯಂ-238 ನ್ಯೂಟ್ರಾನ್ ಹೀರಿ, ಕ್ರಮೇಣ ಪ್ಲುಟೋನಿಯಂ ಆಗುತ್ತದೆ. ನಾಗಾಸಾಕಿಗೆ ಬಿದ್ದ ಬಾಂಬಿನಲ್ಲಿದ್ದದ್ದು ಅದರ ಸುಮಾರು 6 ಕಿಲೊ. 1974ರ ಮೇ 18ರ ಪೋಖ್ರಾನ್ ಸ್ಫೋಟಕ್ಕೆ ಪ್ಲುಟೋನಿಯಂ ಬಂದದ್ದು ಟ್ರಾಂಬೆಯ ಸೈರಸ್ ಎಂಬ ಸಂಶೋಧನಾ ರಿಯಾಕ್ಟರಿನಿಂದ. ರಿಯಾಕ್ಟರ್ ಕೆನಡಾದ ಕೊಡುಗೆ, ಅದರಲ್ಲಿ ನ್ಯೂಟ್ರಾನ್ ವೇಗ ತಗ್ಗಿಸುವ ಭಾರಜಲ ಅಮೆರಿಕದ್ದು. ಶಾಂತಿಗೆಂದು ಕೊಟ್ಟದ್ದು ಹೀಗಾಯಿತೆಂದು ಕೆನಡಾ ಸಹಕಾರ ನಿಲ್ಲಿಸಿತು, ಪರಮಾಣು ಸಾಮಗ್ರಿಯ ಮಾರಾಟಕ್ಕೆ ಕಡಿವಾಣ ಹಾಕುವ ದೇಶಗಳ ಕೂಟವಾದ ಪರಮಾಣು ಪೂರೈಕೆದಾರರ ಗುಂಪು ಹುಟ್ಟಿಕೊಂಡಿತು. ಕೈಗಾದ 220 ಮೆಗಾವಾಟಿನ ನಾಲ್ಕೂ ಘಟಕಗಳನ್ನು ನಾವೇ ಕಟ್ಟಿಕೊಳ್ಳಬೇಕಾಗಿ ಬಂದದ್ದರ ಹಿಂದೆ ಈ ದಿಗ್ಬಂಧನವಿದೆ. 2008ರ ಆಸುಪಾಸಿನಲ್ಲಿ ಯುರೇನಿಯಂ ಸಾಲದೆ ದೇಶದ ರಿಯಾಕ್ಟರುಗಳು ಅರೆಬರೆ ಓಡಿದ್ದಕ್ಕೂ ಅದೇ ಮೂಲ.

ಇನ್ನೊಂದು ಸಂಗತಿ ಇಲ್ಲಿನ ಚರ್ಚೆಯಲ್ಲಿ ಬರುವುದೇ ಇಲ್ಲ. ಅಮೆರಿಕದೊಂದಿಗಿನ ಅಣು ಒಪ್ಪಂದಕ್ಕಾಗಿ ದೇಶದ ರಿಯಾಕ್ಟರುಗಳನ್ನು ತಪಾಸಣೆಗೆ ಒಳಪಡುವವು, ಒಳಪಡದವು ಎಂದು ಎರಡು ಪಟ್ಟಿ ಮಾಡಿದ 2006ರ ವಿಂಗಡಣೆಯಲ್ಲಿ ಕೈಗಾದ ಈ ನಾಲ್ಕು ಘಟಕಗಳನ್ನು ಅಂತರರಾಷ್ಟ್ರೀಯ ತಪಾಸಣೆಯ ಹೊರಗಿಡಲಾಯಿತು. ಆಮದು ಯುರೇನಿಯಂ ಇಲ್ಲಿಗೆ ಬರುವಂತಿಲ್ಲ. 700 ಮೆಗಾವಾಟಿನ 5, 6ನೇ ಘಟಕಗಳು ಯಾವ ಪಟ್ಟಿಗೆ ಸೇರುತ್ತವೆ ಎಂಬುದನ್ನು ಕಾಳಿ ದಂಡೆಯ ಜನರಿಗೆ ಸರ್ಕಾರ ಕನ್ನಡದಲ್ಲಿ, ಲಿಖಿತವಾಗಿ ತಿಳಿಸಲಿ.

– ಭೌತಶಾಸ್ತ್ರ ಉಪನ್ಯಾಸಕರು, ಕಾರವಾರ